ಪೈಥಾನ್ ಬರುತ್ತಾ? ಹಾಗಾದ್ರೆ ಒಂದು ರೇಡಿಯೋ ಮಾಡಿ ನೋಡಿ

ಬೆಂಗಳೂರಲ್ಲಿ 101.3 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿದರೆ ಆಕಾಶವಾಣಿಯ ಎಫ್‌ಎಂ ರೇನ್‌ಬೋ ಸಿಗುತ್ತೆ. ಅದನ್ನು ಕೇಳೋಕೆ ರೇಡಿಯೋ ಪೆಟ್ಟಿಗೆಯೇ ಬೇಕು ಅಂತೇನಿಲ್ಲ. ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಡಾಂಗಲ್, ಪುಟ್ಟ ಆಂಟೆನಾ ಮತ್ತು ಕೆಲವೇ ಸಾಲು ಪೈಥಾನ್ ಸಾಕು.

ಈ ಡಾಂಗಲ್ ತಯಾರಾಗಿದ್ದು ಟಿವಿ ನೋಡೋಕೆ. ಒಳಗಿರುವ ಆರ್‌ಟಿಎಲ್2832ಯು ಚಿಪ್, ರೇಡಿಯೋ ಅಲೆಗಳನ್ನು ಹಸಿ ಅಂಕಿಗಳಾಗಿಯೇ ಕಂಪ್ಯೂಟರ್‌ಗೆ ಕೊಡಬಲ್ಲದು ಅನ್ನೋದು 2012ರ ಹೊತ್ತಿಗೆ ಹವ್ಯಾಸಿಗಳಿಗೆಲ್ಲ ತಿಳಿಯಿತು. ಅಲ್ಲಿಂದ ಸರ್ಕ್ಯೂಟ್ ಮಾಡ್ತಿದ್ದ ಕೆಲಸವನ್ನು ಕೋಡ್‌ಗೆ ವಹಿಸೋದು ಅಗ್ಗವಾಯ್ತು. ಇದೇ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ, ಅಂದ್ರೆ ಎಸ್‌ಡಿಆರ್.

ಪೈಥಾನ್‌ನಲ್ಲಿ ಇದಕ್ಕೆ ‘ಪೈಆರ್‌ಟಿಎಲ್‌ಎಸ್‌ಡಿಆರ್’ ಎಂಬ ಲೈಬ್ರರಿ ಇದೆ. ಲಿನಕ್ಸ್‌ನಲ್ಲಿ ಡಾಂಗಲ್ ಸಿಗುತ್ತಿಲ್ಲ ಅಂದ್ರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಟಿವಿ ಡ್ರೈವರ್ ಅದನ್ನು ಮೊದಲೇ ಹಿಡಿದುಕೊಂಡಿರುತ್ತೆ. ಆ ಡ್ರೈವರ್ ತೆಗೆದರೆ ಸರಿಹೋಗುತ್ತೆ. ಆಮೇಲೆ ಸ್ಟೇಷನ್ನಿನ ಫ್ರೀಕ್ವೆನ್ಸಿ ಕೊಡಿ, ಸೆಕೆಂಡಿಗೆ 2,40,000 ಸ್ಯಾಂಪಲ್ ಅಂತ ಹೇಳಿ, ಓದಿಸಿ.

ಬಂದ ಅಂಕಿಗಳನ್ನು ಹಾಗೇ ಸ್ಪೀಕರ್‌ಗೆ ಕಳಿಸಿದರೆ ಬರೀ ಗದ್ದಲ. ‘ಡಾಂಗಲ್ ಹಾಳಾಗಿದೆ’ ಅಂತ ಡ್ರಾಯರ್‌ಗೆ ಎಸೆಯೋದು ಈ ಹಂತದಲ್ಲೇ! ತಪ್ಪು ಡಾಂಗಲ್‌ದಲ್ಲ. ಪ್ರತಿ ಸ್ಯಾಂಪಲ್ಲೂ ಒಂದು ಕಾಂಪ್ಲೆಕ್ಸ್ ಸಂಖ್ಯೆ. ಅದನ್ನು ಗಡಿಯಾರದ ಮುಳ್ಳು ಅಂದುಕೊಳ್ಳಿ. ಎಫ್‌ಎಂನಲ್ಲಿ ದನಿ ಅಡಗಿರೋದು ಮುಳ್ಳಿನ ಉದ್ದದಲ್ಲಲ್ಲ, ಅದು ಎಷ್ಟು ಬೇಗ ತಿರುಗುತ್ತೆ ಅನ್ನೋದರಲ್ಲಿ. ಹಾಗಾಗಿ ಒಂದು ಸ್ಯಾಂಪಲ್‌ನಿಂದ ಮುಂದಿನದಕ್ಕೆ ಕೋನ ಎಷ್ಟು ಬದಲಾಯ್ತು ಅಂತ ಲೆಕ್ಕ ಹಾಕಬೇಕು. ನಂಪೈನಲ್ಲಿ ಇದು ಒಂದೇ ಸಾಲು. ಬಳಿಕ ಸೈಪೈನ ‘ಡೆಸಿಮೇಟ್’ ಬಳಸಿ ಐದು ಪಟ್ಟು ಇಳಿಸಿದರೆ 48,000. ಅದು ನಿಮ್ಮ ಸೌಂಡ್ ಕಾರ್ಡ್‌ಗೆ ಚೆನ್ನಾಗಿ ಗೊತ್ತಿರುವ ದರ. ಐದಕ್ಕೊಂದನ್ನು ಸುಮ್ಮನೆ ಎತ್ತಿಕೊಳ್ಳಬೇಡಿ, ಫಿಲ್ಟರ್ ಇಲ್ಲದಿದ್ದರೆ ಬೇಡದ ಸಿಗ್ನಲ್ಲೂ ದನಿಯೊಳಗೆ ಬೆರೆಯುತ್ತೆ.

ಈಗ ಪ್ಲೇ ಮಾಡಿ. ಗದ್ದಲದ ಜಾಗದಲ್ಲಿ ನಿರೂಪಕರ ಮಾತು ಕೇಳಿಸುತ್ತೆ. ದಿನವಿಡೀ ಬೇರೆಯವರ ಎಪಿಐ ಕರೆಯೋ ನಮಗೆ, ಗಾಳಿಯಲ್ಲಿ ಬಂದದ್ದನ್ನು ನಾವೇ ಬಿಡಿಸಿ ಕೇಳೋದು ಬೇರೆಯದೇ ಖುಷಿ.

ಇದೇ ಡಾಂಗಲ್‌ನಲ್ಲಿ 1090 ಮೆಗಾಹರ್ಟ್ಸ್‌ಗೆ ಹೋದರೆ, ತಲೆ ಮೇಲೆ ಹಾರುವ ವಿಮಾನಗಳು ಸಾರುವ ತಮ್ಮ ಸ್ಥಾನ, ಎತ್ತರದ ಮಾಹಿತಿ ಸಿಗುತ್ತೆ. ಅಲ್ಲಿ ಬಿಡಿಸುವ ಕೋಡ್ ಮಾತ್ರ ಬೇರೆ.

ಒಂದು ಎಚ್ಚರ: ಈ ಡಾಂಗಲ್ ಕೇಳುತ್ತೆ ಅಷ್ಟೇ, ಮಾತಾಡಲ್ಲ. ರೇಡಿಯೋದಲ್ಲಿ ಮಾತಾಡುವ ಆಸೆ ಇದ್ದರೆ ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಿರಿ. ನಮಗೆ ಉದ್ದೇಶಿಸದ ಖಾಸಗಿ ಮಾತಿಗೆ ಕಿವಿಗೊಡೋದು ಬೇಡ. ಈ ಭಾನುವಾರ ಮೊದಲು ನಿಮ್ಮೂರಿನ ಎಫ್‌ಎಂ ಹಿಡಿಯಿರಿ.