ಬುದ್ಧಿಗೆ 15, ವಿವೇಕಕ್ಕೆ ಎಷ್ಟು?

ರಜೆಗೆಂದು ಅಮದಳ್ಳಿಗೆ ಬಂದ ತಮ್ಮನ ಮಗ ಜಗಲಿಯಲ್ಲಿ ಕುಳಿತು ಅಂಕಿ ಬರೆದು ಅಳಿಸುತ್ತಿದ್ದ. 'ಲೆಕ್ಕವೇನೋ?' ಎಂದೆ. 'ಅಲ್ಲ ದೊಡ್ಡಪ್ಪ, ಮಾಂತ್ರಿಕ ಪಂಡಿತನನ್ನು ಮಾಡ್ತಾ ಇದ್ದೇನೆ' ಎಂದ!

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಟವಿದು. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸಬೇಕು. ನಮ್ಮ ತಾಳಮದ್ದಳೆಯ ಅರ್ಥಧಾರಿಗಳಂತೆಯೇ ಅನ್ನಿ. ಸೋಲು ಗೆಲುವಿಗೆ ಮಾತ್ರ ದಾಳ.

ಪಾತ್ರಕ್ಕೆ ಆರು ಗುಣ: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಅವಕ್ಕೆ 15, 14, 13, 12, 10, 8 ಎಂಬ ಅಂಕಗಳನ್ನು ಹಂಚುವ ಪದ್ಧತಿಯೊಂದಿದೆ. ಮಾಂತ್ರಿಕನ ಶಕ್ತಿ ಓದಿನದು. ಆರಂಭದಲ್ಲಿ ಅವನ ಹೊತ್ತಗೆಯಲ್ಲಿ ಆರೇ ಮಂತ್ರ. ಹಾಗಾಗಿ 15 ಬುದ್ಧಿಗೆ. ಉಳಿದ 8? ಹುಡುಗ ವಿವೇಕಕ್ಕೆ ಹಾಕಿದ್ದ.

ಶುಕ್ರಾಚಾರ್ಯರ ಕಥೆ ಹೇಳಿದೆ. ಸತ್ತವರನ್ನು ಬದುಕಿಸುವ ಸಂಜೀವಿನಿ ಬಲ್ಲ ಪಂಡಿತರು, ಶಿಷ್ಯ ಕಚನ ಬೂದಿ ಬೆರೆಸಿದ್ದ ಮದ್ಯವನ್ನು ತಿಳಿಯದೆ ಕುಡಿದರು. ಹೊಟ್ಟೆಯೊಳಗಿನ ಶಿಷ್ಯನಿಗೇ ಮಂತ್ರ ಕಲಿಸಬೇಕಾಯಿತು. ಹೊಟ್ಟೆ ಸೀಳಿ ಹೊರಬಂದ ಅವನೇ ಗುರುವನ್ನು ಬದುಕಿಸಿದ. ಬುದ್ಧಿಗೇನು ಕೊರತೆಯಿತ್ತು? ಕೈಕೊಟ್ಟದ್ದು ವಿವೇಕ.

ಹುಡುಗ ರಬ್ಬರ್ ಹುಡುಕಿದ. 8ನ್ನು ಬಲಕ್ಕೆ ಬರೆದ.

ಪಾಲಕರೇ, ನಾವು ಶಿಕ್ಷಕರು ತುಂಬುವ ಅಂಕಪಟ್ಟಿಯಲ್ಲಿ ವಿವೇಕಕ್ಕೆ ಕಾಲಮ್ಮೇ ಇಲ್ಲ. ಇಷ್ಟು ವರ್ಷ ವಿಜ್ಞಾನ ಕಲಿಸಿದ ನಾನೂ ಎಷ್ಟೋ ಮಕ್ಕಳನ್ನು ಬುದ್ಧಿಯೊಂದರಿಂದಲೇ ಅಳೆದಿದ್ದೇನೆ. ಅದನ್ನು ತೋರಿಸಿಕೊಡಲು ಆಟವೊಂದು ಬೇಕಾಯಿತು.