ಡಂಗುರವೋ, ಮಾತುಕತೆಯೋ?

ಸಂತೆಯ ವ್ಯಾಪಾರವು ಮಾತಿನ ಮೇಲೆಯೇ ನಡೆಯತಕ್ಕುದೆಂಬುದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಕಳೆದ ವಾರ ಒಯ್ದ ಜೋಳದಲ್ಲಿ ಕಲ್ಲಿತ್ತೆಂದು ಒಬ್ಬಳು ಗಟ್ಟಿಯಾಗಿ ಆಡಿದರೆ ಸುತ್ತಲಿನ ಹತ್ತು ಮಂದಿ ಕೇಳಿಸಿಕೊಳ್ಳುವರು; ವರ್ತಕನು ನಿಂತಲ್ಲಿಯೇ ಉತ್ತರ ಕೊಡದೆ ವಿಧಿಯಿಲ್ಲ. ವೃತ್ತಪತ್ರಿಕೆ, ರೇಡಿಯೋ, ಟೆಲಿವಿಷನ್ನುಗಳು ಬಂದ ಮೇಲೆ ದೊಡ್ಡ ಕಂಪೆನಿಗಳಿಗೆ ಈ ತೊಂದರೆ ತಪ್ಪಿತು. ಹಣ ತೆತ್ತವನು ಡಂಗುರ ಹೊಡೆಸಿದನು. ಕೇಳಿದವನಿಗೆ ಮಾರುತ್ತರ ಕೊಡುವ ದಾರಿಯಿರಲಿಲ್ಲ. (ಈ ಮಾತು ಪತ್ರಿಕೆಯವರಾದ ನಮಗೂ ಕೊಂಚಮಟ್ಟಿಗೆ ತಾಗುತ್ತದೆಂಬುದನ್ನು ಒಪ್ಪುತ್ತೇವೆ.)

ಅಂತರ್ಜಾಲದ ಹುಟ್ಟು ಹೀಗಲ್ಲ. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟರು. ಮರುವರ್ಷ ಅವರು ರಚಿಸಿದ ಬ್ರೌಸರಿನಲ್ಲಿ ಪುಟಗಳನ್ನು ಓದುವುದು ಮಾತ್ರವಲ್ಲದೆ ಬರೆಯುವುದೂ ತಿದ್ದುವುದೂ ಸಾಧ್ಯವಿದ್ದಿತು. ಓದುಗನೇ ಲೇಖಕನೂ ಆಗಬೇಕೆಂಬುದು ಆ ಕಲ್ಪನೆ. ಅಲ್ಲಿಗೆ ಕಾಲಿಟ್ಟ ವರ್ತಕರು ತಂದುದಾದರೂ ಏನು? 1994ರ ಅಕ್ಟೋಬರಿನಲ್ಲಿ ಹಾಟ್‌ವೈರ್ಡ್ ಎಂಬ ತಾಣದಲ್ಲಿ ಜಾಹೀರಾತಿನ ಪಟ್ಟಿಗಳನ್ನು ಅಂಟಿಸಿದರು. ಹಳೆಯ ಡಂಗುರವೇ ಹೊಸ ಬೀದಿಗೆ ಬಂದಿತು.

1999ರಲ್ಲಿ ಅಮೆರಿಕದ ನಾಲ್ವರು ‘ಕ್ಲೂಟ್ರೇನ್ ಮ್ಯಾನಿಫೆಸ್ಟೋ’ ಎಂಬ ಘೋಷಣಾಪತ್ರವನ್ನು ಹೊರಡಿಸಿ, ಲೂಥರನಂತೆ 95 ಸೂತ್ರಗಳಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದರು. ಮಾರುಕಟ್ಟೆಯೆಂದರೆ ಮನುಷ್ಯರ ಸಂವಾದವೆಂಬುದೇ ಅವರ ಮೊದಲ ಪ್ರತಿಪಾದನೆ. ಕಂಪೆನಿಗಳು ‘ಸಂವಾದ’ವೆಂಬ ಶಬ್ದವನ್ನು ಮಾತ್ರ ಆದರದಿಂದ ಎತ್ತಿಕೊಂಡು ಅದಕ್ಕೊಂದು ಇಲಾಖೆಯನ್ನು ತೆರೆದುವು.

ಇದರ ಫಲವನ್ನು ಕಾಣಲು ಡೇವ್ ಕ್ಯಾರೊಲ್ ಎಂಬ ಕೆನಡಾದ ಗಾಯಕರ ವೃತ್ತಾಂತವೊಂದು ಸಾಕು. 2008ರ ಮಾರ್ಚಿಯಲ್ಲಿ ಅವರು ಯುನೈಟೆಡ್ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಶಿಕಾಗೋ ನಿಲ್ದಾಣದಲ್ಲಿ ಸಾಮಾನು ಸಾಗಿಸುವವರ ಕೈಯಲ್ಲಿ ಅವರ 3,500 ಡಾಲರಿನ ಗಿಟಾರು ಮುರಿಯಿತು. ದುರಸ್ತಿಗೆ 1,200 ಡಾಲರು ತಗುಲಿತು. 24 ಗಂಟೆಗಳೊಳಗೆ ದೂರು ಕೊಡಲಿಲ್ಲವೆಂಬ ಕಾರಣದಿಂದ ಪರಿಹಾರವಿಲ್ಲವೆಂದಾಯಿತು. ಸುಮಾರು ಒಂಬತ್ತು ತಿಂಗಳು ಅವರು ಕಂಡವರನ್ನೆಲ್ಲ ಕೇಳಿದರು. ಉತ್ತರಗಳೇನೋ ಬಂದುವು, ನಿಯಮವನ್ನು ಓದಿ ಹೇಳುವ ಅಧಿಕಾರವಿದ್ದವರೇ ಎಲ್ಲರೂ, ಯುಕ್ತಾಯುಕ್ತವನ್ನು ವಿಚಾರಿಸಿ ಮಾತನಾಡುವ ಅಧಿಕಾರವಿದ್ದವರು ಒಬ್ಬರೂ ಸಿಕ್ಕಲಿಲ್ಲ. 2009ರ ಜುಲೈಯಲ್ಲಿ ಅವರು ಈ ಕಥೆಯನ್ನು ಹಾಡು ಕಟ್ಟಿ ಯೂಟ್ಯೂಬಿನಲ್ಲಿಟ್ಟರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರು ನೋಡಿದರು. ಇಂದಿಗೆ ಆ ಸಂಖ್ಯೆ ಎರಡು ಕೋಟಿಯನ್ನು ಮೀರಿದೆ. ಆಗ ಕಂಪೆನಿಯು ಪರಿಹಾರ ಕೊಡಲು ಧಾವಿಸಿತು. ಕ್ಯಾರೊಲ್ ಅವರು ಹಣವನ್ನು ಒಲ್ಲೆನೆಂದರು. 3,000 ಡಾಲರು ಒಂದು ಸಂಗೀತ ಸಂಸ್ಥೆಗೆ ದಾನವಾಗಿ ಹೋಯಿತು. 1,200 ಡಾಲರಿನಲ್ಲಿ ಮುಗಿಯಬಹುದಾಗಿದ್ದ ವ್ಯವಹಾರವಿದು!

ಪಾಠ ಕಲಿತರೆ? 2017ರ ಏಪ್ರಿಲಿನಲ್ಲಿ ಇದೇ ಕಂಪೆನಿಯ ವಿಮಾನದಿಂದ, ಸೀಟು ಬಿಡಲೊಪ್ಪದ ಪ್ರಯಾಣಿಕರೊಬ್ಬರನ್ನು ರಕ್ತ ಸುರಿಯುತ್ತಿರುವಂತೆಯೇ ಎಳೆದು ಹೊರಹಾಕಿದುದನ್ನು ಸಹಪ್ರಯಾಣಿಕರು ಚಿತ್ರಿಸಿ ಜಗತ್ತಿಗೆ ತೋರಿಸಿದರು. ಕಂಪೆನಿಯ ಮುಖ್ಯಾಧಿಕಾರಿಯ ಮೊದಲ ಹೇಳಿಕೆಯಲ್ಲಿ, ಪ್ರಯಾಣಿಕರಿಗೆ ‘ಬದಲಿ ವ್ಯವಸ್ಥೆ’ ಮಾಡಬೇಕಾಗಿ ಬಂದುದಕ್ಕೆ ಕ್ಷಮೆ ಕೇಳಲಾಗಿತ್ತು. ಕಣ್ಣೆದುರಿಗೆ ರಕ್ತವನ್ನು ಕಂಡ ಜನರು ಇಂತಹ ಮಾತನ್ನು ಮನುಷ್ಯನ ಮಾತೆಂದು ಒಪ್ಪುವರೆ? ಮರುದಿನವೇ ನೇರವಾದ ಕ್ಷಮಾಪಣೆಯನ್ನು ಕೇಳಬೇಕಾಯಿತು.

ನಮ್ಮ ನಾಡಿನಲ್ಲಾದರೋ ಸಂವಾದವು ಭಾಷೆಯ ಹೊಸ್ತಿಲಲ್ಲಿಯೇ ಮುಗ್ಗರಿಸುತ್ತದೆ. 2007ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಫ್ಲಿಪ್‌ಕಾರ್ಟ್ ಕನ್ನಡದಲ್ಲಿ ಅಂಗಡಿ ತೆರೆದುದು 2020ರಲ್ಲಿ. ಅಮೆಜಾನ್ ಕನ್ನಡವನ್ನು ಸೇರಿಸಿದುದೂ ಅದೇ ವರ್ಷ. ತಡವಾಗಿಯಾದರೂ ಬಂದುದು ಸಂತೋಷವೇ. ಆದರೆ ಸರಕಿನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಬೇರೆ, ಕೊಳ್ಳುವವನ ಮಾತನ್ನು ಕನ್ನಡದಲ್ಲಿ ಕೇಳುವುದು ಬೇರೆ.

ಕಳೆದ ತಿಂಗಳು ನಾವು ಒಂದು ಬ್ಯಾಂಕಿಗೆ ಲೆಕ್ಕದ ತಪ್ಪನ್ನು ತೋರಿಸಿ ಕನ್ನಡದಲ್ಲಿ ಮಿಂಚಂಚೆ ಬರೆದೆವು. ತಮ್ಮ ಅಭಿಪ್ರಾಯವು ನಮಗೆ ಅಮೂಲ್ಯವೆಂದು ಕ್ಷಣಾರ್ಧದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂದಿತು. ಅದರ ಕೊನೆಯ ಸಾಲಿನಲ್ಲಿ, ಈ ವಿಳಾಸಕ್ಕೆ ಯಾರೂ ಉತ್ತರ ಬರೆಯಬಾರದೆಂಬ ಸೂಚನೆಯಿದ್ದಿತು.