ಲೇಪಾಕ್ಷಿಯ ಚಿತ್ರ ಸೀರೆಯ ಅಂಚಿಗೆ

ಮಡಕಶಿರಾ ಕಡೆಯ ನಮ್ಮಂಥ ರೈತರಿಗೆ ಹಿಂದೂಪುರ ಅಂದ್ರೆ ರೇಷ್ಮೆಗೂಡಿನ ಮಾರುಕಟ್ಟೆ. ಗೂಡು ಮಾರಿ, ದುಡ್ಡು ಎಣಿಸಿ ಬಸ್ಸು ಹತ್ತೋದೇ ವಾಡಿಕೆ. ಈ ಸಲ ಮಗಳ ಮದುವೆಗೆ ಸೀರೆ ನೋಡಬೇಕಿತ್ತು. ಅಂಗಡಿಯವರು ಒಂದು ಸೀರೆ ಬಿಡಿಸಿ, "ಇದು ಲೇಪಾಕ್ಷಿ ಡಿಸೈನು" ಅಂದರು. ಲೇಪಾಕ್ಷಿ ಅಲ್ಲಿಗೆ ಸುಮಾರು 15 ಕಿ.ಮೀ. ನೋಡಿಯೇ ಬರೋಣವೆಂದು ಹೊರಟೆ.

ವೀರಭದ್ರ ದೇವಸ್ಥಾನ 16ನೇ ಶತಮಾನದ್ದು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದರು. ಕನ್ನಡ ಶಾಸನಗಳೂ ಇಲ್ಲಿವೆ. ಚಾವಣಿಯಲ್ಲಿ ದ್ರೌಪದಿ ಸ್ವಯಂವರ, ಕಿರಾತಾರ್ಜುನರ ಕಥೆ ಬಣ್ಣದಲ್ಲಿ ಮೂಡಿದೆ. ನನ್ನ ಕಣ್ಣು ಹೋದದ್ದು ಚಿತ್ರದ ಹೆಂಗಸರ ಸೀರೆಗಳ ಮೇಲೆ. ಪಟ್ಟೆ, ಚೌಕಳಿ, ಹೂವು, ಬಳ್ಳಿ, ಎಷ್ಟೊಂದು ನಮೂನೆ! ಲತಾಮಂಟಪದ ಕಂಬಗಳಲ್ಲೂ ಅಂಥವೇ ಕೆತ್ತನೆ. ಸೀರೆ ಅಂಚಿಗೆ ಮಾದರಿ ಅಂತ ಹೆಸರಾದದ್ದು ಇವೇ.

ಸಂಜೆ ಅಂಗಡಿಗೆ ಮರಳಿದಾಗ, ಸೀರೆ ಕೊಡಲು ಬಂದಿದ್ದ ಧರ್ಮವರಂ ನೇಕಾರರೊಬ್ಬರು ಸಿಕ್ಕರು. ಕಂಬದ ಬಳ್ಳಿಯನ್ನು ಮೊದಲು ಗ್ರಾಫ್ ಕಾಗದದ ಚೌಕಗಳಲ್ಲಿ ಬರೆಯಬೇಕು. ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಜಕಾರ್ಡಿಗೆ ಕಟ್ಟಬೇಕು. ಯಾವ ಎಳೆ ಏಳಬೇಕೆಂದು ಆ ತೂತೇ ಹೇಳುತ್ತದೆ ಎಂದು ವಿವರಿಸಿದರು. ಆಮೇಲೆ, "ಡಿಸೈನು ದೇವರದ್ದು ಅಂತಾರೆ ಅಣ್ಣಾ, ಪವರ್‌ಲೂಮಿನೋರು ವಾರದೊಳಗೆ ಕಾಪಿ ಹೊಡೀತಾರೆ. ನಮ್ಮ ಕೂಲಿ ಯಾರು ಕೇಳ್ತಾರೆ?" ಅಂದರು.

ಮಾತು ನಾಟಿತು. ಚಿತ್ರಗಾರ ಆ ನಮೂನೆಗಳನ್ನು ಆಕಾಶದಿಂದ ತಂದಿರಲಾರ. ತನ್ನ ಕಾಲದ ಮಗ್ಗದ ಬಟ್ಟೆ ನೋಡಿಯೇ ಬರೆದಿದ್ದಾನು. ಅಂದಮೇಲೆ ನೇಕಾರ ಇಂದು ದೇವಸ್ಥಾನದಿಂದ ಪಡೆಯೋದು ಸಾಲವಲ್ಲ, ತನ್ನ ಹಿರಿಯರ ಆಸ್ತಿ.

ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರಲ್ಲೇ ಬಂತು. ಅಪ್ಪಟ ರೇಷ್ಮೆಗೆ 2004ರಲ್ಲಿ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂದವು. ಎರಡೂ ಬೇರೆ ಬೇರೆ: ಸಿಲ್ಕ್ ಮಾರ್ಕ್ ಇದ್ದ ಮಾತ್ರಕ್ಕೆ ಸೀರೆ ಕೈಮಗ್ಗದ್ದಾಗದು. ಕೊಳ್ಳುವವರೂ ಮಾರುವವರೂ ಇದನ್ನು ನೆನಪಿಡಬೇಕು.

ಗೂಡಿಗೆ ರೇಟು ಬಿದ್ದಾಗ ನಾವು ಎಷ್ಟು ಕೂಗಾಡ್ತೀವಿ! ಅದೇ ಗೂಡಿನ ನೂಲು ನೇಯುವವನ ಕೂಲಿಗೆ ಚೌಕಾಸಿ ಮಾಡೋದು ಯಾವ ನ್ಯಾಯ? ನಾನು ಎರಡು ಮಾರ್ಕನ್ನೂ ನೋಡಿ, ಹೇಳಿದ ಬೆಲೆ ಕೊಟ್ಟು ಸೀರೆ ತಂದೆ.